ಬ್ಯಾಲೆಯ ಮೇಳದ ನರ್ತಕಿಯರು

ಪಂಪನ ಆದಿಪುರಾಣವನ್ನು ಓದಿದವರಿಗೆ ನೀಲಾಂಜನೆಯ ನೃತ್ಯಪ್ರಸಂಗ ನೆನಪಿರಲೇಬೇಕು. ಪುರುದೇವನಿಗೆ ವೈರಾಗ್ಯವನ್ನು ಹುಟ್ಟಿಸಬೇಕೆಂದು ದೇವೇಂದ್ರನು ಆಯುಸ್ಸು ತೀರಲಿರುವ ನರ್ತಕಿಯೊಬ್ಬಳನ್ನು ಆಸ್ಥಾನದಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಂತೆಯೇ ಅವಳು ಮಿಂಚಿನ ಹಾಗೆ ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಆ ಸ್ಥಾನದಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯಲಿಲ್ಲ, ಪುರುದೇವನೊಬ್ಬನಿಗೆ ತಿಳಿಯಿತು. ತರಗತಿಯಲ್ಲಿ ಈ ಭಾಗವನ್ನು ಪಾಠ ಹೇಳುವಾಗ ನಾವೆಲ್ಲರೂ ನೀಲಾಂಜನೆಯ ವಿಷಯ ಹೇಳುತ್ತೇವೆ, ಪುರುದೇವನ ವೈರಾಗ್ಯದ ವಿಷಯ ಹೇಳುತ್ತೇವೆ. ಬದಲಿಗೆ ಬಂದವಳ ಮಾತನ್ನು ಎತ್ತುವುದಿಲ್ಲ. ತಾಳ ತಪ್ಪದೆ, ಹೆಜ್ಜೆ ತಪ್ಪದೆ, ನಡುವಿನಿಂದ ಎತ್ತಿಕೊಂಡು ಕುಣಿತವನ್ನು ಮುಗಿಸಿದ ಆ ಹೆಸರಿಲ್ಲದವಳ ವಿದ್ಯೆ ಏನು ಸಾಮಾನ್ಯವಾದುದೆ?

ಯುರೋಪಿನ ಬ್ಯಾಲೆ ಎಂಬ ನೃತ್ಯರೂಪಕದ ಚರಿತ್ರೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗುವವಳು ಇವಳೇ. ಅಲ್ಲಿ ನಾಯಿಕೆಯ ಹಿಂದೆ ಹದಿನಾರೋ ಇಪ್ಪತ್ತನಾಲ್ಕೋ ಮೂವತ್ತೆರಡೋ ಮಂದಿ ಒಂದೇ ಬಗೆಯ ಉಡುಪು ಉಟ್ಟು, ಒಂದೇ ಬಗೆಯಾಗಿ ತಲೆ ಬಾಚಿಕೊಂಡು, ಒಂದೇ ಹೆಜ್ಜೆ ಹಾಕುತ್ತಾರೆ. ಫ್ರೆಂಚರು ಇವರನ್ನು ಒಟ್ಟಾಗಿ 'ಕೋರ್ ದ ಬ್ಯಾಲೆ' ಎನ್ನುತ್ತಾರೆ. 'ಕೋರ್' ಎಂದರೆ ದೇಹ. ಬ್ಯಾಲೆಯ ದೇಹ ಎಂದು ಅರ್ಥ. ನಾಯಕ ನಾಯಿಕೆಯರನ್ನು ಮುಖವೆಂದುಕೊಂಡರೆ ಉಳಿದ ಮೈಯೆಲ್ಲ ಇವರೇ. ನಾನು ಇವರನ್ನು ಮೇಳವೆಂದು ಕರೆಯುತ್ತೇನೆ. ಗ್ರೀಕರ ರುದ್ರನಾಟಕದ ಕೋರಸ್ಸಿಗೂ ಕನ್ನಡದಲ್ಲಿ ಮೇಳವೆಂದೇ ಹೇಳುವುದುಂಟಷ್ಟೆ. ಬ್ಯಾಲೆಯ ಸಂಗೀತವನ್ನು ರೇಡಿಯೋದಲ್ಲಿ ಕೇಳಿರುವ ವಾಚಕರಿಗೆ ಕಾಲುಗಳು ಕಂಡಿರಲಾರವು. ಆದ್ದರಿಂದ ಆ ಕಾಲುಗಳ ಕಥೆಯನ್ನು ಸ್ವಲ್ಪ ಹೇಳಬಹುದೆಂದು ತೋರಿತು.

ಈ ಕಥೆಯ ಮೊದಲು ಬಹಳ ವಿಚಿತ್ರವಾಗಿದೆ. ೧೫೮೧ರಲ್ಲಿ ಪ್ಯಾರಿಸ್ಸಿನ ರಾಜಸಭೆಯಲ್ಲಿ ಒಂದು ಮದುವೆಯ ಸಡಗರಕ್ಕಾಗಿ 'ಬ್ಯಾಲೆ ಕೊಮಿಕ್ ದ ಲಾ ರೇನ್' ಎಂಬ ನೃತ್ಯರೂಪಕವನ್ನು ಆಡಿದರು. ಐದು ಗಂಟೆಗೂ ಹೆಚ್ಚು ಕಾಲ ನಡೆದ ಈ ಆಟವನ್ನೇ ಬ್ಯಾಲೆಯ ಆದಿಯೆಂದು ಹಲವರು ಎಣಿಸುತ್ತಾರೆ. ಅದರಲ್ಲಿ ಗುಂಪಾಗಿ ಕುಣಿದು ನೆಲದ ಮೇಲೆ ವೃತ್ತ, ಚೌಕ, ತ್ರಿಕೋನಗಳನ್ನು ಬಿಡಿಸಿದ ಜಲದೇವತೆಯರು ಯಾರೆಂದುಕೊಂಡಿರಿ? ಸ್ವತಃ ರಾಣಿ ಲೂಯಿಸ್ ಮತ್ತು ಅವಳ ಸಖಿಯರಾದ ದೊಡ್ಡ ಮನೆತನದ ಹೆಂಗಸರು! ಮೇಳದಲ್ಲಿ ಕುಣಿಯುವುದು ಆಗ ಮರ್ಯಾದೆಯ ಸಂಗತಿ. ಕೂಲಿಗೆ ಕುಣಿಯುವವರು ಬಂದ ಮೇಲೆ ಮರ್ಯಾದೆ ಹೊರಟುಹೋಯಿತು. ದುಡಿದು ತಿನ್ನುವವನ ವಿದ್ಯೆಗೆ ಬೆಲೆ ಕಡಮೆಯೆನ್ನುವ ಬುದ್ಧಿ ನಮ್ಮ ದೇಶದ್ದು ಮಾತ್ರವಲ್ಲವೆಂದಾಯಿತು.

ಹದಿನಾಲ್ಕನೆಯ ಲೂಯಿ ದೊರೆ ೧೬೬೧ರಲ್ಲಿ ನೃತ್ಯದ ಅಕಾಡೆಮಿಯನ್ನೂ ೧೬೬೯ರಲ್ಲಿ ಪ್ಯಾರಿಸ್ ಆಪೆರಾವನ್ನೂ ಸ್ಥಾಪಿಸಿದನು. ಆ ಆಪೆರಾದ ರಂಗಸ್ಥಳದಲ್ಲಿ ಮೊದಮೊದಲು ಹೆಂಗಸರ ವೇಷವನ್ನೂ ಗಂಡಸರೇ ಮೊಗವಾಡ ಹಾಕಿ ಕಟ್ಟುತ್ತಿದ್ದರು. ೧೬೮೧ರಲ್ಲಿ 'ಪ್ರೇಮದ ವಿಜಯ' ಎಂಬ ಬ್ಯಾಲೆಯಲ್ಲಿ ವೃತ್ತಿಯ ನರ್ತಕಿಯರು ಮೊದಲ ಸಲ ಕಾಣಿಸಿಕೊಂಡರು. ಅವರು ನಾಲ್ವರು. ಮುಂದೆ ನಿಂತ ಲಾ ಫೋಂತೇನ್ ಎಂಬಾಕೆಯ ಹೆಸರು ಬ್ಯಾಲೆಯ ಚರಿತ್ರೆಯನ್ನು ಹೇಳುವ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಜೊತೆಯ ಮೂವರ ಹೆಸರನ್ನು ಹುಡುಕಿ ತೆಗೆಯಬೇಕು. ಮೇಳದ ಅದೃಷ್ಟ ಅಂದೇ ಗೊತ್ತಾಯಿತೆನ್ನಬಹುದು. ೧೭೧೩ರಲ್ಲಿ ಆಪೆರಾಕ್ಕೆ ಸೇರಿದಂತೆ ನೃತ್ಯಶಾಲೆಯೂ ಏರ್ಪಟ್ಟಿತು. ಮೇಳಕ್ಕೆ ಮಕ್ಕಳನ್ನು ಚಿಕ್ಕಂದಿನಿಂದಲೇ ತಯಾರು ಮಾಡುವ ಏರ್ಪಾಟು ಇಲ್ಲಿಂದ ನಿಂತಿತು.

ಹದಿನೆಂಟನೆಯ ಶತಮಾನದಲ್ಲಿ ಮೇಳದವರು ರಂಗದ ಎರಡು ಪಕ್ಕದಲ್ಲಿ ತಕ್ಕಡಿಯ ಎರಡು ತಟ್ಟೆಗಳಂತೆ ಸಮನಾಗಿ ನಿಂತು ಅಲಂಕಾರ ಮಾಡುವವರಾಗಿದ್ದರು. ಇದನ್ನು ಗಟ್ಟಿಯಾಗಿ ಆಕ್ಷೇಪಿಸಿದವನು ನೋವೆರ್ ಎಂಬ ನೃತ್ಯಗುರು. ೧೭೬೦ರಲ್ಲಿ ಅಚ್ಚಾದ ಅವನ ಪತ್ರಗಳಲ್ಲಿ ಒಂದು ಸೊಗಸಾದ ವಾದವಿದೆ. ವನದೇವತೆಯರ ಗುಂಪೊಂದು ಕಾಡಿನ ಒರಟರನ್ನು ಕಂಡು ಬೆದರಿ ಓಡುತ್ತಿದೆಯೆನ್ನಿ. ಅವರು ಎಡಕ್ಕೆ ನಾಲ್ವರು ಬಲಕ್ಕೆ ನಾಲ್ವರೆಂದು ಲೆಕ್ಕ ಹಾಕಿ ಓಡುತ್ತಾರೆಯೆ? ಭಯಪಟ್ಟವರ ಓಟ ಒಬ್ಬೊಬ್ಬರದು ಒಂದೊಂದು ರೀತಿಯಾಗಿರಬೇಡವೆ? ಹಿಂದೆ ನಿಂತವಳಿಗೂ ಒಂದು ಮುಖವಿದೆ, ಆ ಮುಖದಲ್ಲಿಯೂ ಭಾವವಿರಬೇಕು ಎಂಬುದು ಅವನ ವಾದದ ತಿರುಳು. ಮೊಗವಾಡಗಳನ್ನು ಕಿತ್ತು ಹಾಕಿರೆಂದು ಹೇಳಿದವನೂ ಅವನೇ. ಭರತನ ಶಾಸ್ತ್ರವನ್ನು ಓದಿದ ನಮಗೆ ಇದು ಹೊಸ ಮಾತಾಗಿ ಕಾಣದಿರಬಹುದು. ಆದರೆ ಮೇಳದ ಪಕ್ಷದಲ್ಲಿ ನಿಂತು ಬರೆದ ಗ್ರಂಥಕರ್ತರು ವಿರಳವಾದುದರಿಂದ ನೋವೆರನನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ.

ಮುಂದಿನ ಶತಮಾನದಲ್ಲಿ ಮೇಳದ ರೂಪವನ್ನೇ ಬದಲಾಯಿಸಿದುದು ಒಂದು ದೀಪ. ೧೮೨೨ರಲ್ಲಿ ಪ್ಯಾರಿಸ್ ಆಪೆರಾಕ್ಕೆ ಗ್ಯಾಸಿನ ದೀಪಗಳು ಬಂದವು. ಎಣ್ಣೆಯ ದೀಪವನ್ನೂ ಮೇಣದ ಬತ್ತಿಯನ್ನೂ ಹಾಗೆ ಬೇಕೆಂದಂತೆ ಹಿಗ್ಗಿಸಿ ಕುಗ್ಗಿಸಲಾಗದು. ಗ್ಯಾಸನ್ನು ತಿರುಗಿಸಿ ಬೆಳುದಿಂಗಳನ್ನು ಮಾಡಬಹುದು. ಬೆಳುದಿಂಗಳು ಬಂದ ಮೇಲೆ ಅದರಲ್ಲಿ ಅಲೆಯುವವರೂ ಬೇಕಲ್ಲ! ೧೮೩೧ರಲ್ಲಿ 'ರಾಬರ್ಟ್ ಎಂಬ ಪಿಶಾಚಿ' ಎಂಬ ಸಂಗೀತನಾಟಕದಲ್ಲಿ ಸತ್ತ ಸನ್ಯಾಸಿನಿಯರು ಗೋರಿಗಳಿಂದೆದ್ದು ಬಿಳಿಯುಡುಪಿನಲ್ಲಿ ಕುಣಿದರು. ಮರುವರ್ಷ, ೧೮೩೨ರ ಮಾರ್ಚಿಯಲ್ಲಿ, ಮರೀ ತಾಲ್ಯೋನಿಯ 'ಲಾ ಸಿಲ್ಫೀದ್' ಬಂದಿತು. ೧೮೪೧ರ ಜೂನಿನಲ್ಲಿ 'ಜಿಸೆಲ್' ಬಂದಿತು. ಮೊಣಕಾಲಿನ ಕೆಳಕ್ಕೆ ಇಳಿಯುವ ಬಿಳಿಯ ತೆಳುಬಟ್ಟೆಯ ಹಲವು ಪದರಗಳ ಲಂಗ ತೊಟ್ಟು, ನಾಲ್ಕೂ ಕಡೆಯಿಂದ ಮಂಜಿನಂತೆ ಬಂದು ಕೂಡುವ ಮೇಳ ಆಗ ಹುಟ್ಟಿತು.

'ಜಿಸೆಲ್'ನಲ್ಲಿ ಮೇಳವು ಬರಿಯ ಅಲಂಕಾರವಲ್ಲ. ಅದು ಒಂದು ಪಾತ್ರ. ಮದುವೆಗೆ ಮುಂಚೆಯೇ ಸತ್ತುಹೋದ ಕನ್ಯೆಯರು 'ವಿಲಿ'ಗಳೆಂಬ ಪ್ರೇತಗಳಾಗಿ ರಾತ್ರಿ ಕಾಡಿನಲ್ಲಿ ಕುಣಿಯುತ್ತಾರೆ. ಸಿಕ್ಕಿದ ಗಂಡಸನ್ನು ಸಾಯುವವರೆಗೆ ಕುಣಿಸುತ್ತಾರೆ. ನಾಯಿಕೆ ತನಗೆ ವಂಚನೆ ಮಾಡಿದವನನ್ನು ಕ್ಷಮಿಸುತ್ತಾಳೆ; ಮೇಳ ಕ್ಷಮಿಸುವುದಿಲ್ಲ. ಎರಡು ಸಾಲುಗಳು ಒಂದು ಕಾಲನ್ನು ಹಿಂದಕ್ಕೆ ನೀಡಿ, ಇನ್ನೊಂದರ ಮೇಲೆ ಕುಪ್ಪಳಿಸುತ್ತಾ ಎದುರೆದುರಾಗಿ ಬಂದು, ಒಂದರೊಳಗೊಂದು ಹಾದುಹೋಗುವ ದೃಶ್ಯವೊಂದಿದೆ. ಒಬ್ಬಳು ಹಾಗೆ ಮಾಡಿದರೆ ನಗು ಬಂದೀತು. ಇಪ್ಪತ್ತನಾಲ್ಕು ಮಂದಿ ಮಾಡಿದಾಗ ಮೈ ಜುಮ್ಮೆನ್ನುತ್ತದೆ. ಸಂಖ್ಯೆಯಿಂದಲೇ ಹುಟ್ಟುವ ಈ ರಸವನ್ನು ಎಷ್ಟು ದೊಡ್ಡ ನಾಯಿಕೆಯೂ ಒಬ್ಬಳೇ ಹುಟ್ಟಿಸಲಾರಳು. ಬ್ಯಾಲೆಗೆ ಮೇಳ ಏತಕ್ಕೆಂಬ ಪ್ರಶ್ನೆಗೆ ನಾನು ಕಂಡ ಉತ್ತರ ಇದು.

ಈ ಬೆಳುದಿಂಗಳಿಗೆ ತೆತ್ತ ಬೆಲೆಯನ್ನೂ ಹೇಳಬೇಕು. 'ಸಿಲ್ಫೀದ್'ನಲ್ಲಿ ಗಂಧರ್ವಕನ್ಯೆಯರು ಹಾರುವುದನ್ನು ತೋರಿಸಲು ಮೇಳದ ಹುಡುಗಿಯರನ್ನು ತಂತಿಗಳಿಂದ ಮೇಲಕ್ಕೆ ಎಳೆಯುತ್ತಿದ್ದರು. ಒಮ್ಮೆ ಇಬ್ಬರು ತಂತಿ ಸಿಕ್ಕಿಕೊಂಡು ನಡು ಆಕಾಶದಲ್ಲಿ ತೂಗುತ್ತಾ ಉಳಿದರೆಂದು ವಿಮರ್ಶಕ ಗೋತಿಯೇ ಬರೆದಿದ್ದಾನೆ. ಇದು ಹೇಗೋ ನಗೆಯಲ್ಲಿ ಮುಗಿಯಬಹುದಾದ ಮಾತು. ಬೆಂಕಿಯ ಮಾತು ಹಾಗಲ್ಲ. ತೆರೆದ ಗ್ಯಾಸಿನ ಉರಿ, ಅದರ ಪಕ್ಕದಲ್ಲಿಯೇ ಹತ್ತಿಯ ತೆಳುಬಟ್ಟೆಯ ಹಲವು ಪದರಗಳು! ೧೮೬೧ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ನಾಟಕಶಾಲೆಯೊಂದರಲ್ಲಿ ಷೇಕ್ಸ್‌ಪಿಯರನ 'ಟೆಂಪೆಸ್ಟ್' ಆಡುತ್ತಿದ್ದಾಗ, ಉಡುಪು ಬದಲಾಯಿಸುವ ಕೋಣೆಯಲ್ಲಿ ಒಬ್ಬ ನರ್ತಕಿಯ ಬಟ್ಟೆಗೆ ಉರಿ ತಾಗಿತು. ಬಿಡಿಸಲು ಹೋದ ಅಕ್ಕತಂಗಿಯರಿಗೂ ಜೊತೆಯವರಿಗೂ ಹತ್ತಿಕೊಂಡಿತು. ಆರಕ್ಕೆ ಕಡಮೆಯಿಲ್ಲದಷ್ಟು ಮಂದಿ ಸತ್ತರು. ಮರುವರ್ಷದ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಎಮ್ಮಾ ಲಿವ್ರಿ ಎಂಬ ತರುಣ ನಾಯಿಕೆಗೆ ಅಭ್ಯಾಸದ ಸಮಯದಲ್ಲಿ ಬೆಂಕಿ ಹತ್ತಿತು; ಎಂಟು ತಿಂಗಳು ನರಳಿ ೧೮೬೩ರ ಜುಲೈಯಲ್ಲಿ ತೀರಿಕೊಂಡಳು. ಬಟ್ಟೆಗೆ ಬೆಂಕಿ ಹತ್ತದ ಹಾಗೆ ಮಾಡುವ ರಾಸಾಯನಿಕವೊಂದು ಆಗಲೇ ಬಂದಿತ್ತು. ಅದನ್ನು ಬಳಸಬೇಕೆಂದು ೧೮೫೯ರಲ್ಲಿ ಆಜ್ಞೆಯೂ ಆಗಿತ್ತು. ಅದರಲ್ಲಿ ಅದ್ದಿದರೆ ಲಂಗ ಬಿರುಸಾಗಿ ಮಾಸಲಾಗುತ್ತದೆಂದು ಲಿವ್ರಿ ಒಪ್ಪಿರಲಿಲ್ಲ. ಲಿವ್ರಿಯ ಕಥೆಯನ್ನು ಎಲ್ಲರೂ ಬರೆದಿದ್ದಾರೆ, ಬರೆಯತಕ್ಕದ್ದೇ. ಫಿಲಡೆಲ್ಫಿಯಾದ ಹುಡುಗಿಯರನ್ನೂ ಅದರ ಪಕ್ಕದಲ್ಲಿ ಬರೆಯಬೇಕೆಂಬುದಷ್ಟೇ ನನ್ನ ಹಂಬಲ.

ಈ ಹುಡುಗಿಯರು ಎಂಥ ಮನೆಗಳಿಂದ ಬರುತ್ತಿದ್ದರು? ಪ್ಯಾರಿಸ್ಸಿನಲ್ಲಿ ನೃತ್ಯಶಾಲೆಯ ಮಕ್ಕಳಿಗೆ 'ಚಿಕ್ಕ ಇಲಿಗಳು' ಎಂದು ಅಡ್ಡಹೆಸರು. ಬಹುಮಂದಿ ಬಡವರ ಮಕ್ಕಳು. ಒಬ್ಬಳ ಹೆಸರು ಮಾತ್ರ ಅಕಸ್ಮಾತ್ತಾಗಿ ನಮಗೆ ಉಳಿದು ಬಂದಿದೆ: ಮರೀ ವಾನ್ ಗೋಥೆಮ್. ತಾಯಿ ಅಗಸಗಿತ್ತಿ. ೧೮೬೫ರಲ್ಲಿ ಹುಟ್ಟಿದ ಮರೀ ೧೮೭೮ರಲ್ಲಿ ತಂಗಿಯೊಡನೆ ಆಪೆರಾದ ಶಾಲೆ ಸೇರಿದಳು. ೧೮೮೦ರಲ್ಲಿ ಪರೀಕ್ಷೆ ಕೊಟ್ಟು ಮೇಳಕ್ಕೆ ಬಂದಳು. ಚಿತ್ರಕಾರ ದೆಗಾ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಮೇಣದ ಪ್ರತಿಮೆಯೊಂದನ್ನು ಮಾಡಿದನು. ಅದಕ್ಕೆ ನಿಜವಾದ ಬಟ್ಟೆಯ ರವಿಕೆ, ಲಂಗ, ಕಾಲಿಗೆ ನಿಜವಾದ ನೃತ್ಯದ ಪಾದರಕ್ಷೆ. ಗದ್ದವನ್ನು ಮೇಲಕ್ಕೆತ್ತಿ, ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು, ದಣಿದ ಕಾಲನ್ನು ಮುಂದಿಟ್ಟು ನಿಂತಿರುವ 'ಹದಿನಾಲ್ಕು ವರ್ಷದ ಚಿಕ್ಕ ನರ್ತಕಿ' ಇದು. ೧೮೮೧ರ ಪ್ರದರ್ಶನದಲ್ಲಿ ಇದನ್ನು ನೋಡಿದ ಹಲವರು ಮೂಗು ಮುರಿದರು. ಕುರೂಪ, ಪ್ರಾಣಿಯ ಮುಖ ಎಂದರು. ಬಿಳಿಯ ಬೆಳುದಿಂಗಳಿನಲ್ಲಿ ದೂರದಿಂದ ಕಂಡು ಮೆಚ್ಚಿದವಳನ್ನು ಹತ್ತಿರದಿಂದ ಕಂಡಾಗ ಅವರಿಗೆ ಸಹಿಸಲಾಗಲಿಲ್ಲವೆಂದು ತೋರುತ್ತದೆ. ೧೮೮೨ರಲ್ಲಿ, ಪಾಠಕ್ಕೂ ಅಭ್ಯಾಸಕ್ಕೂ ಸರಿಯಾಗಿ ಬರುತ್ತಿಲ್ಲವೆಂದು ಮರೀಯನ್ನು ಕೆಲಸದಿಂದ ತೆಗೆದುಹಾಕಿದರು. ಆಮೇಲೆ ಅವಳ ಜಾಡು ಸಿಗುವುದಿಲ್ಲ. ತಂಗಿ ಷಾರ್ಲೊಟ್ ಮಾತ್ರ ಅಲ್ಲಿಯೇ ಉಳಿದು, ನರ್ತಕಿಯಾಗಿ, ಮುಂದೆ ಪಾಠ ಹೇಳುವವಳಾದಳು. ದೆಗಾ ೧೯೧೭ರಲ್ಲಿ ಸತ್ತ ಮೇಲೆ ಆ ಮೇಣದ ಹುಡುಗಿಯನ್ನು ಕಂಚಿನಲ್ಲಿ ಹಲವು ಪ್ರತಿಗಳಾಗಿ ಎರಕ ಹೊಯ್ದರು. ಅವು ಈಗ ಲೋಕದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ನಿಂತಿವೆ. ಒಬ್ಬಳನ್ನು ಮೇಳದಿಂದ ತೆಗೆದರು. ಅವಳು ತಾನೇ ಒಂದು ಮೇಳವಾದಳು!

ಆ ಕಾಲದ ಆಪೆರಾದಲ್ಲಿ ವರ್ಷದ ಚಂದಾ ಕೊಟ್ಟ ಸಿರಿವಂತರಿಗೆ ರಂಗದ ಹಿಂದಿನ ಅಭ್ಯಾಸದ ಹಜಾರಕ್ಕೆ ಬರುವ ಅಧಿಕಾರವಿತ್ತು. ಡಾಕ್ಟರ್ ವೆರೋನ್ ಎಂಬ ನಿರ್ದೇಶಕ ೧೮೩೦ರ ದಶಕದಲ್ಲಿ ತೆರೆದಿಟ್ಟ ಬಾಗಿಲು ಅದು. ಏತಕ್ಕೆ ಬರುತ್ತಿದ್ದರೆಂಬುದನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ವಿಸ್ತರಿಸಬೇಕಾಗಿಲ್ಲ. ಹುಡುಗಿಯರಿಗೆ ಬರುತ್ತಿದ್ದ ಸಂಬಳದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ತುಂಬುವಷ್ಟು ಕೊಟ್ಟಿದ್ದರೆ ಆ ಬಾಗಿಲಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ. ಇದು ಕಲೆಯ ಚರಿತ್ರೆಯೂ ಹೌದು. ದೆಗಾನ ಚಿತ್ರಗಳಲ್ಲಿ ಪರದೆಯ ಪಕ್ಕದಲ್ಲಿ ಕರಿಯ ಕೋಟಿನ ಗಂಡಸೊಬ್ಬ ನಿಂತಿರುವುದನ್ನು ನೋಡಿದವರಿಗೆ ಅರ್ಥವಾಗುತ್ತದೆ.

ಪ್ಯಾರಿಸ್ಸಿನಲ್ಲಿ ಬ್ಯಾಲೆ ಹೀಗೆ ಸೊರಗುತ್ತಿದ್ದಾಗ ಅದು ರಷ್ಯದಲ್ಲಿ ಬೆಳೆಯಿತು. ಅಲ್ಲಿ ಚಕ್ರವರ್ತಿಯ ಖಜಾನೆಯಿಂದ ಶಾಲೆ, ಊಟ, ಸಂಬಳ, ವಿಶ್ರಾಂತಿವೇತನ ಎಲ್ಲವೂ ನಡೆಯುತ್ತಿದ್ದವು. ಫ್ರಾನ್ಸಿನಿಂದ ಹೋಗಿ ಅಲ್ಲಿ ನೆಲೆಸಿದ ಮಾರಿಯಸ್ ಪೆತಿಪಾ ಮನೆಯಲ್ಲಿ ಚಿಕ್ಕ ಬೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿ, ಸಾಲುಗಳನ್ನು ಲೆಕ್ಕ ಹಾಕಿ, ಕಾಗದದಲ್ಲಿ ಗುರುತು ಮಾಡಿಕೊಂಡು ಮೇಳದ ರಚನೆಗಳನ್ನು ಮಾಡುತ್ತಿದ್ದನಂತೆ. ಅವನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ೧೮೭೭ರಲ್ಲಿ ತಂದ 'ಲಾ ಬಯಾದೇರ್' ನಮ್ಮ ದೇಶದ ಹೆಸರಿನದು. ನಾಯಿಕೆ ನಿಕಿಯಾ ದೇವಾಲಯದ ನರ್ತಕಿ. ಗೋಲ್ಕೊಂಡದ ರಾಜನ ಮಗಳಿಗಾಗಿ ಅವಳನ್ನು ತೊರೆದ ವೀರನ ಹೆಸರು ಸೊಲೋರ್. ಇದೆಂಥ ಹೆಸರು, ಯಾವ ವ್ಯಾಕರಣಕ್ಕೆ ಸೇರಿದ್ದು ಎಂದು ನಾವು ಕೇಳಬಾರದು. ನಲವತ್ತು ವರ್ಷಗಳ ಹಿಂದೆ, ೧೮೩೮ರಲ್ಲಿ, ಪುದುಚೇರಿಯ ಕಡೆಯ ತಿರುವೇಂದಿಪುರದ ದೇವದಾಸಿಯರು ಐವರು ವಾದ್ಯಗಾರರೊಡನೆ ಪ್ಯಾರಿಸ್ಸಿಗೆ ಹೋಗಿ ಕುಣಿದಿದ್ದರು. ಅವರಲ್ಲಿ ಅಮನಿ ಎಂಬಾಕೆಯನ್ನು ಗೋತಿಯೇ ಬಹಳ ಹೊಗಳಿದನು. ಆದರೆ ಪೆತಿಪಾನ ಬ್ಯಾಲೆಯಲ್ಲಿ ನಮ್ಮ ನೃತ್ಯದ ಒಂದು ಅಡವೂ ಇಲ್ಲ. ಇರುವುದು ಬೇರೆ ಒಂದು ವಸ್ತು. ಅದು ಮೇಳದ ಇಡೀ ಚರಿತ್ರೆಗೆ ಕಿರೀಟಪ್ರಾಯವಾದುದು.

ನಿಕಿಯಾ ಹಾವು ಕಚ್ಚಿ ಸತ್ತಿದ್ದಾಳೆ. ಸೊಲೋರ್ ಅಫೀಮಿನ ಅಮಲಿನಲ್ಲಿ ಅವಳನ್ನು ಕನಸು ಕಾಣುತ್ತಾನೆ. ರಂಗದ ಹಿಂಭಾಗದ ಇಳಿಜಾರಿನ ಮೇಲಿನಿಂದ ಬಿಳಿಯುಡುಪಿನ ಒಬ್ಬಳು ಬರುತ್ತಾಳೆ. ಒಂದು ಕಾಲ ಮೇಲೆ ನಿಂತು, ಇನ್ನೊಂದನ್ನು ಹಿಂದಕ್ಕೆ ನೀಳವಾಗಿ ಎತ್ತಿ, ನಿಂತ ಮೊಣಕಾಲನ್ನು ಮೆಲ್ಲನೆ ಮಣಿಸಿ ಮುಂದಕ್ಕೆ ಬಾಗುತ್ತಾಳೆ. ಆಮೇಲೆ ಮೈಯನ್ನು ಹಿಂದಕ್ಕೆ ಬಾಗಿಸಿ ತೋಳನ್ನು ಮೇಲೆತ್ತುತ್ತಾಳೆ. ಮುಂದಕ್ಕೆ ಹೆಜ್ಜೆ ಇಡುತ್ತಾಳೆ. ಅವಳ ಹಿಂದೆ ಇನ್ನೊಬ್ಬಳು ಅದನ್ನೇ ಮಾಡುತ್ತಾಳೆ. ಅವಳ ಹಿಂದೆ ಮತ್ತೊಬ್ಬಳು. ದೊಡ್ಡ ಕಂಪೆನಿಗಳಲ್ಲಿ ಮೂವತ್ತೆರಡು, ಕೆಲವೆಡೆ ಇಪ್ಪತ್ತನಾಲ್ಕು ಮಂದಿ. ಹಾವು ಹರಿದಂತೆ ಆ ಸಾಲು ರಂಗದ ಮೇಲೆ ಅಡ್ಡಡ್ಡಲಾಗಿ ಸುತ್ತಿ ಸುತ್ತಿ ಇಳಿಯುತ್ತದೆ. ಕೊನೆಯವಳು ಬರುವ ವೇಳೆಗೆ ಮೂವತ್ತೆರಡು ಮಂದಿಯ ಸಾಲಿನ ಮೊದಲನೆಯವಳು ಆ ಒಂದೇ ಚಲನೆಯನ್ನು ಮೂವತ್ತಕ್ಕೂ ಹೆಚ್ಚು ಬಾರಿ ಮಾಡಿರುತ್ತಾಳೆ. ಒಂದೇ ಅಳತೆಯ ಸಾಲುಗಳು ಒಂದರ ಹಿಂದೊಂದು ಇಳಿದುಬರುವ ನಮ್ಮ ರಗಳೆಯಲ್ಲದೆ ಇದಕ್ಕೆ ಬೇರೆ ಹೋಲಿಕೆ ನನಗೆ ಹೊಳೆಯದು. ಮೂರನೆಯ ಸಾಲಿನಲ್ಲಿ ಬೇಸರ ಬರುವುದೋ ಎನಿಸುತ್ತದೆ. ಹತ್ತನೆಯದರಲ್ಲಿ ಲಯ ಹಿಡಿಯುತ್ತದೆ. ಆಮೇಲೆ ನಿಲ್ಲದಿರಲಿ ಎನಿಸುತ್ತದೆ. ಒಬ್ಬ ಸತ್ತ ಹುಡುಗಿಯನ್ನು ದುಃಖಪಡುವವನ ಮನಸ್ಸು ಎಷ್ಟು ಸಲ ಕಾಣುತ್ತದೆಯೋ ಅಷ್ಟು ಸಲ ಅವಳು ಇಳಿದುಬರುತ್ತಾಳೆ.

ಇದನ್ನು ಅವರು ಹೇಗೆ ಸಾಧಿಸುತ್ತಾರೆ? ಶಾಲೆಯ ಕವಾಯತಿನಲ್ಲಿ ಅರುವತ್ತು ಹುಡುಗರನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನಡೆಸಿದವರಿಗೆ ಸಾಲಿನ ಕಷ್ಟ ಗೊತ್ತು. ಸಾಲು ಕಾಲಿನಿಂದ ಆಗುವುದಲ್ಲ, ಕಣ್ಣಿನಿಂದ ಆಗುವುದು. ಬ್ಯಾಲೆಯಲ್ಲಿ ತಲೆ ತಿರುಗಿಸಿ ಪಕ್ಕದವಳನ್ನು ನೋಡುವಂತಿಲ್ಲ. ಕಡೆಗಣ್ಣಿನಿಂದಲೇ ಮುಂದಿನವಳ ಹೆಗಲನ್ನೂ ಪಕ್ಕದವಳ ಮೊಣಕೈಯನ್ನೂ ಅಳೆಯಬೇಕು. ಮನಸ್ಸಿನೊಳಗೆ ತಾಳದ ಎಣಿಕೆ ನಡೆಯುತ್ತಿರಬೇಕು. ಜೊತೆಯವರ ಉಸಿರನ್ನು ಕೇಳಿ ಉಸಿರಾಡಬೇಕು. ರಂಗದಿಂದ ನೇರವಾಗಿ ಪ್ರಸಾರವಾದ ಬ್ಯಾಲೆ ಸಂಗೀತವನ್ನು ಕೇಳುವಾಗ ಪಿಟೀಲುಗಳ ನಡುವೆ ಮೆತ್ತಗೆ ದಪದಪ ಎಂಬ ಸದ್ದು ಬರುವುದುಂಟು. ಅದು ರೇಡಿಯೋದ ದೋಷವಲ್ಲ. ಗಟ್ಟಿ ಮೂತಿಯ ಆ ಪಾದರಕ್ಷೆಗಳು ಒಟ್ಟಿಗೆ ನೆಲಕ್ಕೆ ಇಳಿಯುವ ಸದ್ದು. ಮೇಳ ಚೆನ್ನಾಗಿದ್ದರೆ ಅದು ಒಂದೇ ಸದ್ದಾಗಿ ಕೇಳಿಸುತ್ತದೆ. ನಾಯಿಕೆ ಸ್ವಲ್ಪ ನಿಧಾನಿಸಿದರೆ ವಾದ್ಯಗಾರರ ಮುಖಂಡ ಅವಳನ್ನು ನೋಡಿಕೊಂಡು ತಾಳವನ್ನು ತಗ್ಗಿಸುತ್ತಾನೆ. ಮೇಳದವಳಿಗಾಗಿ ಯಾರೂ ತಾಳವನ್ನು ತಗ್ಗಿಸುವುದಿಲ್ಲ. ಪದ್ಯದ ನಾಲ್ಕು ಪಾದಗಳಲ್ಲಿ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸನಿಯಮದಂತೆ ಇದು. ಸರಿಯಾಗಿದ್ದಾಗ ಯಾರೂ ಗಮನಿಸರು; ಒಂದು ಪಾದದಲ್ಲಿ ತಪ್ಪಿದರೆ ಪಾಮರನ ಕಿವಿಗೂ ತಿಳಿಯುತ್ತದೆ.

ಕುಣಿಯುವುದಕ್ಕಿಂತ ನಿಲ್ಲುವುದು ಕಷ್ಟವೆಂದು ಮೇಳದವರೇ ಹೇಳುತ್ತಾರೆ. ಚೈಕೋವ್‌ಸ್ಕಿಯ 'ಹಂಸಸರೋವರ'ದ ಈಗ ಪ್ರಸಿದ್ಧವಾಗಿರುವ ರೂಪ ೧೮೯೫ರಲ್ಲಿ ಪೆತಿಪಾ ಮತ್ತು ಅವನ ಸಹಾಯಕ ಇವಾನೊವ್ ಇಬ್ಬರೂ ಸೇರಿ ಕಟ್ಟಿದುದು. ಸರೋವರದ ದೃಶ್ಯಗಳು ಇವಾನೊವನವು. ಎರಡನೆಯ ಅಂಕದಲ್ಲಿ ಪಿಟೀಲಿನ ನಿಧಾನವಾದ ಹಾಡಿಗೆ ರಾಜಕುಮಾರನೂ ಹಂಸರಾಣಿಯೂ ಕುಣಿಯುತ್ತಿರುವಾಗ ಹಂಸಗಳ ಮೇಳ ಎರಡೂ ಪಕ್ಕದಲ್ಲಿ ಸಾಲಾಗಿ, ಒಂದು ಪಾದವನ್ನು ಹಿಂದಿಟ್ಟು, ಕೈಗಳನ್ನು ಮುಂದೆ ಕೂಡಿಸಿ, ಮಿಸುಕದೆ ನಿಂತಿರಬೇಕು. ಬೆವರು ಕಣ್ಣಿಗೆ ಇಳಿದರೂ ಒರಸುವಂತಿಲ್ಲ. ಮೀನಖಂಡ ಹಿಡಿದುಕೊಂಡರೂ ಕಾಲು ಬದಲಾಯಿಸುವಂತಿಲ್ಲ. ಸಭೆಯ ಎಲ್ಲ ಕಣ್ಣುಗಳೂ ನಡುವಿನ ಇಬ್ಬರ ಮೇಲಿರುತ್ತವೆ. ಆ ಕಣ್ಣುಗಳು ಅಲ್ಲಿಯೇ ಇರುವುದು ಪಕ್ಕದವರು ಅಲುಗದೆ ನಿಂತಿರುವುದರಿಂದ.

ಒಂದೇ ರೀತಿ ಇರಬೇಕೆಂಬ ಈ ನಿಯಮ ಎಲ್ಲಿಯವರೆಗೆ ನ್ಯಾಯ? ಕೈ ಒಂದೇ ಎತ್ತರದಲ್ಲಿರಲಿ, ಅದು ವಿದ್ಯೆ. ಮೈಬಣ್ಣವೂ ಒಂದೇ ಇರಲಿ ಎಂದರೆ ಅದು ವಿದ್ಯೆಯ ಮಾತಲ್ಲ. ೧೯೫೫ರಲ್ಲಿ ನ್ಯೂಯಾರ್ಕಿನ ರೇವನ್ ವಿಲ್ಕಿನ್‌ಸನ್ ಎಂಬ ನೀಗ್ರೋ ಮನೆತನದ ಹುಡುಗಿ 'ಬ್ಯಾಲೆ ರೂಸ್ ದ ಮೊಂಟೆ ಕಾರ್ಲೊ' ಎಂಬ ಹೆಸರಾಂತ ಕಂಪೆನಿಯನ್ನು ಸೇರಿದಳು. ತೆಳುಬಣ್ಣದವಳಾದುದರಿಂದ ಮುಖಕ್ಕೆ ಬಿಳಿಯ ಬಣ್ಣ ಹಚ್ಚಿ ಕುಣಿಯುತ್ತಿದ್ದಳು. ಕಂಪೆನಿ ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಹೋದಾಗ ಬಿಳಿಯರೊಡನೆ ಕರಿಯಳು ಹೋಟೆಲಿನಲ್ಲಿ ಇಳಿಯುವುದೂ ರಂಗದ ಮೇಲೆ ಕುಣಿಯುವುದೂ ಅಪಾಯವಾಯಿತು. ನೀನು ಕರಿಯಳೆ ಎಂದು ಕೇಳಿದರೆ ಅಲ್ಲವೆಂದು ಸುಳ್ಳು ಹೇಳಲು ಆಕೆ ಒಪ್ಪಲಿಲ್ಲ. ೧೯೬೧ರಲ್ಲಿ ಕಂಪೆನಿಯನ್ನು ಬಿಟ್ಟಳು. ಮುಂದೆ ಹಾಲೆಂಡಿನ ಕಂಪೆನಿಯಲ್ಲಿ ಹಲವು ವರ್ಷ ಕುಣಿದಳು. ಅದೆಲ್ಲ ಹಳೆಯ ಕಾಲವೆನ್ನುವಂತಿಲ್ಲ. ೨೦೨೦ರಲ್ಲಿ ಬರ್ಲಿನ್ನಿನ ಬ್ಯಾಲೆ ಕಂಪೆನಿಯ ಕ್ಲೋಯೆ ಲೋಪೆಸ್ ಗೋಮೆಸ್ ಎಂಬ ಫ್ರೆಂಚ್ ನರ್ತಕಿ, ಹಂಸಗಳ ಸಾಲಿನಲ್ಲಿ ನಿಲ್ಲಲು ಮೈಗೆ ಬಿಳಿಯ ಬಣ್ಣ ಬಳಿದುಕೊಳ್ಳಬೇಕೆಂದು ತನಗೆ ಹೇಳಿದರೆಂದು ಬಹಿರಂಗವಾಗಿ ದೂರಿದಳು.

ಇಪ್ಪತ್ತನೆಯ ಶತಮಾನದ ಕೆಲವು ನೃತ್ಯಕರ್ತರು ನಾಯಿಕೆಯನ್ನೇ ಬದಿಗಿಟ್ಟು ಮೇಳವನ್ನು ನಡುವಿಗೆ ತಂದರು. ೧೯೨೩ರಲ್ಲಿ ಬ್ರೊನಿಸ್ಲಾವಾ ನಿಜಿನ್‌ಸ್ಕಾ ಪ್ಯಾರಿಸ್ಸಿನಲ್ಲಿ ತೋರಿಸಿದ 'ಮದುವೆ'ಯಲ್ಲಿ ಹಳ್ಳಿಯ ಹೆಂಗಸರೂ ಗಂಡಸರೂ ಕಂದು ಬಿಳುಪಿನ ಸಾದಾ ಉಡುಪಿನಲ್ಲಿ ಗುಂಪುಗುಂಪಾಗಿ ಚಲಿಸುತ್ತಾರೆ. ಮದುಮಗಳು ಹೆಚ್ಚಾಗಿ ಸುಮ್ಮನೆ ನಿಂತಿರುತ್ತಾಳೆ, ಕುಣಿಯುವುದು ಊರು. ಮದುವೆ ಮಾಡಿಕೊಳ್ಳುವವಳ ಇಷ್ಟಾನಿಷ್ಟಕ್ಕಿಂತ ಊರಿನ ಇಷ್ಟ ದೊಡ್ಡದಾಗಿರುವ ಕಡೆ ಮದುವೆ ಹೀಗೆಯೇ ತಾನೆ ಇರುವುದು?

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದುದು ಬ್ಯಾಲಂಚೀನನ 'ಸೆರಿನೇಡ್'. ಪೀಟರ್ಸ್‌ಬರ್ಗಿನ ಶಾಲೆಯಲ್ಲಿ ಕಲಿತ ಈತ ಅಮೆರಿಕಕ್ಕೆ ಹೋಗಿ ಹೊಸ ನೃತ್ಯಶಾಲೆ ತೆರೆದು, ೧೯೩೪ರಲ್ಲಿ ಚೈಕೋವ್‌ಸ್ಕಿಯ ಸಂಗೀತಕ್ಕೆ ತನ್ನ ವಿದ್ಯಾರ್ಥಿನಿಯರಿಂದಲೇ ಒಂದು ನೃತ್ಯ ಮಾಡಿಸಲು ಹೊರಟನು. ಮೊದಲ ದಿನ ಬಂದವರು ಹದಿನೇಳು ಮಂದಿ. ಹದಿನೇಳನ್ನು ಸಮನಾಗಿ ಭಾಗ ಮಾಡುವುದು ಹೇಗೆ? ಮಾಡಲೇ ಇಲ್ಲ, ಹದಿನೇಳಕ್ಕೆ ತಕ್ಕ ಆಕೃತಿಯನ್ನೇ ಬಿಡಿಸಿದನು. ಇನ್ನೊಂದು ದಿನ ಒಂಬತ್ತು ಮಂದಿ, ಮತ್ತೊಂದು ದಿನ ಆರು ಮಂದಿ ಬಂದರು. ಆ ದಿನದ ಭಾಗ ಅಷ್ಟೇ ಮಂದಿಗೆ. ಒಬ್ಬಳು ಓಡುತ್ತಾ ಬಿದ್ದು ಅತ್ತಳು. ಬೀಳುವುದನ್ನು ನೃತ್ಯಕ್ಕೆ ಸೇರಿಸಿದನು. ಒಬ್ಬಳು ತಡವಾಗಿ ಬಂದಳು. ತಡವಾಗಿ ಬಂದು ಸಾಲಿನಲ್ಲಿ ತನ್ನ ಜಾಗ ಹುಡುಕುವುದೂ ನೃತ್ಯದೊಳಗೆ ಬಂದಿತು. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ವೃತ್ತಿಯವನಾದ ನಾನು ಈ ಸಂಗತಿಯನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಬದಲಿಗೆ ಯಾರನ್ನಾದರೂ ನಿಲ್ಲಿಸಬಹುದೆಂಬ ಮೇಳದಲ್ಲಿ, ಅಂದು ಬಂದ ಹುಡುಗಿಯರ ಗುರುತು ಇಂದಿಗೂ ಉಳಿದಿದೆ. ಲೋಕದ ಯಾವ ಕಂಪೆನಿ ಅದನ್ನು ಆಡಿದರೂ ಒಬ್ಬಳು ಬೀಳಲೇಬೇಕು, ಒಬ್ಬಳು ತಡವಾಗಿ ಬರಲೇಬೇಕು.

ಒಂದು ಕಂಪೆನಿಯ ಯೋಗ್ಯತೆಯನ್ನು ನಾಯಿಕೆಯಿಂದ ಅಳೆಯಲಾಗದೆಂದು ಬಲ್ಲವರು ಹೇಳುವುದು ಇದಕ್ಕೇ. ನಾಯಿಕೆಯನ್ನು ಬೇರೆ ದೇಶದಿಂದ ಎರಡು ದಿನದ ಮಟ್ಟಿಗೆ ಕರೆಸಬಹುದು. ಮೇಳವನ್ನು ಕರೆಸಲಾಗದು. ಒಂದೇ ಶಾಲೆಯಲ್ಲಿ, ಒಂದೇ ಬಗೆಯ ಪಾಠದಲ್ಲಿ, ಹತ್ತು ಹನ್ನೆರಡು ವರ್ಷ ಕಲಿತವರಿಂದ ಮಾತ್ರ ಅದು ಆಗುತ್ತದೆ. ಪ್ಯಾರಿಸ್ ಆಪೆರಾದಲ್ಲಿ ೧೫೦ಕ್ಕೂ ಹೆಚ್ಚು ಮಂದಿ ನರ್ತಕ ನರ್ತಕಿಯರಿದ್ದಾರೆ. ಅವರಲ್ಲಿ ಐದು ಮೆಟ್ಟಿಲುಗಳುಂಟು. ಕೆಳಗಿನಿಂದ ಕದ್ರೀಲ್, ಕೊರಿಫೆ, ಸುಜೆ. ಅವರ ಮೇಲೆ ಮೊದಲ ದರ್ಜೆಯವರು. ತುದಿಯಲ್ಲಿ 'ನಕ್ಷತ್ರ'ಗಳೆನಿಸಿದ ಕೆಲವರು. ಮೇಲಕ್ಕೆ ಹೋಗಲು ವರ್ಷಕ್ಕೊಮ್ಮೆ ಪರೀಕ್ಷೆ ಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಬಹುಮಂದಿ ಕೆಳಗಿನ ಮೆಟ್ಟಿಲುಗಳಲ್ಲಿಯೇ ಆಯುಷ್ಯ ಸವೆಸುತ್ತಾರೆ. ನಲವತ್ತೆರಡು ವರ್ಷಕ್ಕೆ ನಿವೃತ್ತಿ. ಅಷ್ಟರಲ್ಲಿ ಮೊಣಕಾಲು, ಸೊಂಟ, ಪಾದದ ಗೆಣ್ಣುಗಳು ಸವೆದಿರುತ್ತವೆ.

ಆ ನಿವೃತ್ತಿಯ ಏರ್ಪಾಟಿನ ಬೇರು ೧೬೯೮ರಷ್ಟು ಹಿಂದಕ್ಕೆ, ಹದಿನಾಲ್ಕನೆಯ ಲೂಯಿಯ ಕಾಲಕ್ಕೆ ಹೋಗುತ್ತದೆ. ೨೦೧೯ರಲ್ಲಿ ಫ್ರಾನ್ಸಿನ ಸರ್ಕಾರ ದೇಶಕ್ಕೆಲ್ಲ ಒಂದೇ ವಿಶ್ರಾಂತಿವೇತನದ ಪದ್ಧತಿಯನ್ನು ತರಲು ಹೊರಟಾಗ ಆಪೆರಾದವರು ಕೆಲಸ ನಿಲ್ಲಿಸಿದರು. ಹೊಸ ಕಟ್ಟಳೆ ಈಗಿರುವವರಿಗೆ ಬೇಡ, ೨೦೨೨ರಿಂದ ಮುಂದೆ ಸೇರುವವರಿಗೆ ಮಾತ್ರ ಇರಲಿ ಎಂದು ಸರ್ಕಾರ ಇಳಿದು ಬಂದಿತು. ತಮ್ಮ ಪಾಲು ಉಳಿಯಿತೆಂದು ಅವರು ಒಪ್ಪಬಹುದಾಗಿತ್ತು, ಒಪ್ಪಲಿಲ್ಲ. ಮುಂದೆ ತಮ್ಮ ಜಾಗದಲ್ಲಿ ಬಂದು ನಿಲ್ಲುವವರನ್ನು ಬಿಟ್ಟುಕೊಡುವುದಿಲ್ಲವೆಂದರು. ಆ ವರ್ಷದ ಡಿಸೆಂಬರ್ ೨೪ರಂದು, ಕ್ರಿಸ್‌ಮಸ್ಸಿನ ಹಿಂದಿನ ದಿನ, ಬಿಳಿಯುಡುಪಿನ ಹಂಸಗಳು ಆಪೆರಾದ ಹೊರಗೆ, ದೊಡ್ಡ ಕಂಬಗಳ ಕೆಳಗೆ ಸಾಲಾಗಿ ಬಂದು ನಿಂತರು. ವಾದ್ಯಗಾರರೂ ಹೊರಗೆ ಬಂದು ಕುಳಿತರು. ಚಳಿಗೆ ಬರಿಯ ತೋಳುಗಳನ್ನು ಬೀಸಿ, ದಾರಿಹೋಕರ ಎದುರಿಗೆ, 'ಹಂಸಸರೋವರ'ದ ಕೊನೆಯ ಅಂಕದ ಭಾಗವನ್ನು ಕುಣಿದರು.